ಒಂದು ಹಳೆಯ ಲೇಥು: ಪರ ಮತ್ತು ವಿರೋಧ

ಚರ್ಚಾಸ್ಪರ್ಧೆಯ ದೊಡ್ಡ ಅನುಕೂಲವೆಂದರೆ ಅಲ್ಲಿ ನಿಮ್ಮ ಮಾತನ್ನು ಯಾರೂ ನಂಬುವುದಿಲ್ಲ. ತೀರ್ಪುಗಾರರು ಅಂಕ ಕೊಡುತ್ತಾರೆ, ಎದುರಾಳಿ ಹಲ್ಲು ಕಡಿಯುತ್ತಾನೆ, ಆಮೇಲೆ ಎಲ್ಲರೂ ಸೇರಿ ವಡಾಪಾವ್ ತಿಂದು ಮನೆಗೆ ಹೋಗುತ್ತಾರೆ. ಮರಣದಂಡನೆ ಬೇಡವೆಂದು ನಾನು ಎಷ್ಟು ಚೆನ್ನಾಗಿ ವಾದಿಸಿದರೂ ಮಾರನೆಯ ದಿನ ಯಾವ ಜೈಲಿನ ಬಾಗಿಲೂ ತೆರೆಯಲಿಲ್ಲ. ಹೀಗೆ ನಿಶ್ಚಿಂತೆಯಿಂದ ಗೆಲ್ಲುತ್ತ ಬಂದವಳಿಗೆ, ಎದುರಿನವರು ಒಪ್ಪಿಕೊಂಡೇಬಿಟ್ಟರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಜೋಗೇಶ್ವರಿಯ ಬಸಪ್ಪ ಕಾಕಾ ಒಪ್ಪಿಕೊಂಡರು. ಆ ಆಘಾತದಿಂದ ನಾನಿನ್ನೂ ಚೇತರಿಸಿಕೊಂಡಿಲ್ಲ.

ನನಗೆ ಬೇಕಾಗಿದ್ದುದು ಹಳೆಯ ಲೇಥು, ಕೈಯಿಂದ ಹಿಡಿ ತಿರುಗಿಸಿ ಕಬ್ಬಿಣ ಹಿತ್ತಾಳೆ ಕಡೆಯುವ ಯಂತ್ರ. ಕಂಪ್ಯೂಟರಿನ ಮುಂದೆ ಕೂತು ಸಂಬಳ ತರುವವಳಿಗೆ ಅದೇಕೆ ಎಂದು ಅಮ್ಮ ಕೇಳಿದಳು. ಹವ್ಯಾಸ ಅಂದೆ. “ಹವ್ಯಾಸಕ್ಕೆ ಕಸೂತಿ ಹಾಕು, ನೆಲ ಬಿರಿಯುವುದಿಲ್ಲ” ಅಂದಳು. ದಾದರಿನಲ್ಲಿ ನಮ್ಮದು ಮುದಿ ಬಿಲ್ಡಿಂಗಿನ ಮೂರನೇ ಮಹಡಿ, ಹಾಗಾಗಿ ಆ ಸುತ್ತು ಅವಳದೇ. ಕೊನೆಗೆ ಬಾಂದ್ರಾದಲ್ಲಿ ಹೋಟೆಲು ನಡೆಸುವ ಮಾವ, ಹಳೆಯ ಗ್ರೈಂಡರ್ ಇದ್ದ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಆ ಬಾಗಿಲಲ್ಲಿ ತೂರುವಷ್ಟು ಸಣ್ಣ ಲೇಥು ಎಲ್ಲೂ ಸಿಗಲಿಲ್ಲ, ಎಲ್ಲವೂ ಎಮ್ಮೆಗಾತ್ರ. ಸಿಕ್ಕಿದ್ದು ಒಂದೇ. ಅದು ವರ್ಕ್‌ಶಾಪು ಮುಚ್ಚುತ್ತಿದ್ದ, ವಿಜಯಪುರದ ಕಡೆಯ ಬಸಪ್ಪ ಕಾಕಾರದು.

“ಏನ್ ಮಾಡಾಕಿ ಇದರಾಗ?”

“ಬುಗುರಿ, ಕಾಕಾ. ಹಿತ್ತಾಳೇದು.”

“ಬುಗುರಿ ಸ್ಟೇಶನ್ ಹೊರಗ ಸಿಗ್ತಾವಲ್ಲವ್ವಾ!”

“ಮಜಾಕ್ಕೆ.”

ಕಾಕಾ ಲೇಥನ್ನು ನೋಡಿದರು, ನನ್ನನ್ನು ನೋಡಿದರು. “ಹರೇದಾಗಿಂದ ಇದರ ಮುಂದ ನಿಂತೀನಿ. ಮಜಾ ಎಲ್ಲಿ ಇಟ್ಟಾರಂತ ಒಂದಿನಾನೂ ಕಾಣಲಿಲ್ಲ.”

ಅವರು ಹೇಳಿದ ಬೆಲೆ ನ್ಯಾಯವಾಗಿಯೇ ಇತ್ತು. ಆದರೆ ಹೇಳಿದ ಬೆಲೆಗೆ ಕೊಂಡವಳು ಮುಂಬಯಿಯಲ್ಲಿ ತಲೆಯೆತ್ತಿ ತಿರುಗುವುದು ಹೇಗೆ? ವಿಡಿಯೊ ನೋಡಿ ನೋಡಿ ಪಂಡಿತಳಾಗಿದ್ದ ನಾನು ಟಾರ್ಚು ತೆಗೆದೆ. ಉಳಿ ಜರುಗುವ ಕಬ್ಬಿಣದ ಹಾಸು ಸವೆದಿದೆ ಅಂದೆ. ಹಿಡಿ ತಿರುಗಿಸಿದರೆ ಸ್ವಲ್ಪ ದೂರ ಸುಮ್ಮನೆ ಸುತ್ತುತ್ತದೆ, ಏನೂ ಜರುಗುವುದಿಲ್ಲ ಅಂದೆ. ಬೇರಿಂಗು ನರಳುತ್ತಿದೆ, ಇದರಲ್ಲಿ ಕಡೆದದ್ದು ಗುಂಡಗೆ ಬರುವುದೇ ಅನುಮಾನ ಅಂದೆ. “ಮಾನ್ಯ ಅಧ್ಯಕ್ಷರೇ” ಅನ್ನುವುದೊಂದು ಬಾಕಿಯಿತ್ತು.

ಕಾಕಾ ಬಗ್ಗಿ ಟಾರ್ಚಿನ ಬೆಳಕು ಬಿದ್ದಲ್ಲೆಲ್ಲ ಇಣುಕಿದರು. “ಹೌದ್ ನೋಡವ್ವಾ. ಇಷ್ಟ ವರ್ಷ ಕೆಲಸಾ ಮಾಡಿದ್ನಿ, ಇದರ ಮಾರಿ ನೋಡಿರಲೇ ಇಲ್ಲ.”

“ಹಾಗಾದರೆ ಬೆಲೆ...”

“ಬೆಲಿ ಎಲ್ಲೀದು? ಇಂಥಾದ್ದ ನಿನ್ನ ಕೊರಳಿಗೆ ಕಟ್ಟಿದ್ರ ಪಾಪ ಹತ್ತತೈತಿ.” ಬಾಗಿಲಲ್ಲಿ ಟೆಂಪೊಗೆ ಹಳೆ ಕಬ್ಬಿಣ ತುಂಬುತ್ತಿದ್ದ ಗುಜರಿಯವನಿಗೆ ಕೂಗಿದರು: “ಭಾಯ್, ಯೇ ಭೀ ಲೇ ಜಾ!”

ಅವನು ಒಡೆದು ಒಯ್ಯಲು ಸುತ್ತಿಗೆ ಹಿಡಿದೇ ಬಂದ. ನನ್ನ ಕಾಲ ಕೆಳಗಿನ ಜೋಗೇಶ್ವರಿ ಜಾರಿತು. ಓಡಿಹೋಗಿ ಲೇಥಿಗೂ ಸುತ್ತಿಗೆಗೂ ನಡುವೆ ನಿಂತೆ. ವಾದ ತಿರುಗಿಸುವುದು ನಮಗೆ ಹೊಸದಲ್ಲ. ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ. ಹಾಸು ಸವೆದದ್ದು ಒಂದೇ ಕಡೆ, ಕೆರೆದು ಸರಿಮಾಡಬಹುದು ಅಂದೆ. ಹಿಡಿಯ ಸಡಿಲ ಯಾವ ಲೇಥಿಗಿಲ್ಲ, ಯಾವಾಗಲೂ ಒಂದೇ ಕಡೆಯಿಂದ ತಿರುಗಿಸಿದರಾಯಿತು ಅಂದೆ. ಬೇರಿಂಗು ಕೇಳುತ್ತಿರುವುದು ಎಣ್ಣೆ, ಮಸಣವಲ್ಲ ಅಂದೆ. ಇಂಥ ಎರಕ ಈಗ ಯಾರು ಹೊಯ್ಯುತ್ತಾರೆ ಕಾಕಾ, ಇದು ಇನ್ನೊಂದು ತಲೆಮಾರು ಬುಗುರಿ ಆಡಿಸುತ್ತದೆ ಅಂದೆ. ಕನ್ನಡ ತಿಳಿಯದ ಗುಜರಿಯವನೂ ಸುತ್ತಿಗೆ ಕೆಳಗಿಟ್ಟ.

“ಖರೇನ?” ಅಂದರು ಕಾಕಾ.

“ಖರೇ, ಕಾಕಾ!”

ಅವರು ಲೇಥಿನ ಬೆನ್ನು ಸವರಿದರು. “ಹಂಗಾರ ಇಷ್ಟ ಛೊಲೋ ಮಶಿನ್ ನಾ ಯಾಕ್ ಮಾರಲಿ? ನಮ್ಮದು ಚಾಳಿನ ನೆಲಮನಿ, ವರಾಂಡಾದಾಗ ಇಟ್ಗೋತೀನಿ. ನಾನೂ ಮೊಮ್ಮಕ್ಕಳಿಗೆ ಬುಗುರಿ ಮಾಡ್ತೀನಿ. ಮಜಾ ಅಂದ್ರ ಹೆಂಗಿರ್ತತಿ, ನೋಡೇಬಿಡೋಣ!”

ಅಪ್ಪಟ ವೃತ್ತಿಪರನೊಬ್ಬ ನನ್ನ ಕಣ್ಣೆದುರೇ ಹವ್ಯಾಸಿಯಾಗಿಬಿಟ್ಟ. ಪರದಲ್ಲೂ ಗೆದ್ದಿದ್ದೆ, ವಿರೋಧದಲ್ಲೂ ಗೆದ್ದಿದ್ದೆ. ಲೇಥು ಮಾತ್ರ ಇದ್ದಲ್ಲೇ ಇತ್ತು. ಎಂಥ ಮೂರ್ಖ ಕೆಲಸ ಎಂದು ಕಾಕಾಗೆ ತಿಳಿಹೇಳೋಣವೆಂದುಕೊಂಡೆ. ಆದರೆ ಅವರು ಅದನ್ನೂ ಒಪ್ಪಿಕೊಂಡರೆ? ಗುಜರಿಯವನು ಇನ್ನೂ ಅಲ್ಲೇ ನಿಂತಿದ್ದ.

ಹೊರಗೆ ಬಂದಾಗ ಅವನೂ ಹಿಂದೆಯೇ ಬಂದ. ತನ್ನ ಟೆಂಪೊ ಮಾರಾಟಕ್ಕಿದೆ, ನಾಳೆ ಗಿರಾಕಿ ಬರುತ್ತಾನೆ, ಒಂದು ಗಳಿಗೆ ಬಂದು ಮಾತಾಡಿ ಹೋಗಲು ಆಗುತ್ತದೆಯೇ ಎಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಕೇಳಿದ. “ಆದರೆ ಮೇಡಂ, ಎರಡನೇ ಭಾಷಣ ಮಾತ್ರ. ಮೊದಲನೆಯದು ಬೇಡ.”

ಕೋಪ ಬರಬೇಕಿತ್ತು. ಆದರೆ ಅವನ ಮಾತು ಮುಗಿಯುವ ಮೊದಲೇ ನನ್ನ ಕಣ್ಣು ಟೆಂಪೊದ ಹಿಂದಿನ ಚಕ್ರಕ್ಕೆ ಹೋಗಿತ್ತು.

“ಈ ಟಯರು ಪೂರ್ತಿ ಬೋಳಾಗಿದೆಯಲ್ಲಾ!” ಅಂದೆ.