ಶಾಲೆ ಆರಿಸಿದ ಮನೆಯಲ್ಲಿ ಬಾಯಿ ತೆರೆಯುವ ಕುರಿತು

ಸಂಬಂಧಪಟ್ಟ ಇಲಾಖೆ
ಹಿಂದೂಪುರ ಮಹಾನಗರ ವಲಯ (ಕಲ್ಯಾಣದುರ್ಗ ಶಾಖೆ ಸೇರಿದಂತೆ)

ಸುತ್ತೋಲೆ ಸಂಖ್ಯೆ: ಸಂಇ/ಖಾಶಾ/ಬಾಯಿ/17/87-88
ದಿನಾಂಕ: 22-6-1987

ವಿಷಯ: ಎಳೆಯ ಮಕ್ಕಳಿಗೆ ಖಾಸಗಿ ಇಂಗ್ಲಿಷ್ ಶಾಲೆ ಆರಿಸಿಕೊಂಡ ಕುಟುಂಬಗಳು ಮನೆಯೊಳಗೆ ಮಾತನಾಡುವ ಬಗ್ಗೆ.

ಉಲ್ಲೇಖ: 1. ಸ್ನಾನದ ವೇಳೆ ಟೈ ಬಿಚ್ಚಲು ಅನುಮತಿ ನಿರಾಕರಿಸಿದ ಹಿಂದಿನ ಸುತ್ತೋಲೆ.
2. ಕೆಳಗೆ ಸಹಿ ಮಾಡಿರುವವರು ನಡೆಸಿದ ಸ್ಥಳ ತನಿಖೆ.
3. ಶ್ರೀಮತಿ ಎರ್ರಮ್ಮನವರ ಹೇಳಿಕೆ (ಬಾಯಿಮಾತಿನದು, ಬರೆದುಕೊಡಿ ಎಂದಾಗ ಹುಣಸೆಹಣ್ಣು ಬಿಡಿಸುತ್ತಿದ್ದ ಕೈ ತೋರಿಸಿರುತ್ತಾರೆ).

ಪ್ರಸ್ತಾವನೆ:

ಕಲ್ಯಾಣದುರ್ಗದ ನೇಕಾರ ಮನೆತನದ ಶ್ರೀ ಶ್ರೀರಾಮುಲು ಎಂಬುವರು ಸೀರೆ ವ್ಯಾಪಾರದ ನಿಮಿತ್ತ ತಾಯಿ ಎರ್ರಮ್ಮ, ಹೆಂಡತಿ ರಾಮಕ್ಕ, ನಾಲ್ಕು ವರ್ಷದ ಮಗಳು ಬನಶಂಕರಿ ಹಾಗೂ ಒಂದು ಮಗ್ಗದೊಂದಿಗೆ ಹಿಂದೂಪುರದಲ್ಲಿ ನೆಲೆಸಿರುತ್ತಾರೆ. ಮಗಳಿಗೆಂದು ಅವರು ಮೂರು ಖಾಸಗಿ ಶಾಲೆಗಳನ್ನು ಪರಿಶೀಲಿಸಿದರು. ಮೊದಲನೆಯದರಲ್ಲಿ ಟೈ ಇತ್ತು. ಎರಡನೆಯದರಲ್ಲಿ ಟೈ ಮತ್ತು ಬೆಲ್ಟು ಇದ್ದವು. ಮೂರನೆಯದರಲ್ಲಿ ಟೈ, ಬೆಲ್ಟುಗಳ ಜೊತೆಗೆ ಪೋಷಕರನ್ನೂ ಬೈಯುವ ಪ್ರಿನ್ಸಿಪಾಲರಿದ್ದುದರಿಂದ, ವಿದ್ಯೆ ಇರುವುದು ಇಲ್ಲೇ ಎಂದು ಮನಗಂಡು ಅದನ್ನೇ ಆರಿಸಿದರು.

ಸದರಿ ಶಾಲೆಗೆ ಮಗುವನ್ನು ಸೇರಿಸಬೇಕಾದರೆ ಮನೆಯಲ್ಲಿ ಇಂಗ್ಲಿಷ್ ಹೊರತು ಬೇರೆ ಮಾತು ಕೇಳಿಬರಕೂಡದು. ಕನ್ನಡದಲ್ಲಿ ಶುರುವಾದ ಜಗಳವನ್ನು ತೆಲುಗಿನಲ್ಲಿ ಮುಗಿಸುವ ಆ ಮನೆಯಲ್ಲಿ ಇಂಗ್ಲಿಷ್ ಯಾರಿಗೂ ಬಾರದು. ಆದಕಾರಣ ಶ್ರೀರಾಮುಲು ಅವರು ನಿಯಮವನ್ನು ಚಾಚೂ ತಪ್ಪದೆ ಪಾಲಿಸಿ, ಎಲ್ಲರ ಬಾಯಿ ಮುಚ್ಚಿಸಿದರು. ಇದರಿಂದ ಹೆಚ್ಚು ಕಷ್ಟವಾದದ್ದು ಎರ್ರಮ್ಮನವರಿಗೆ. ಮೊಮ್ಮಗಳನ್ನು ಮಗ್ಗದ ಪಕ್ಕ ಕೂರಿಸಿಕೊಂಡು, ಲಾಳಿ ಆಡಿಸುತ್ತಾ ಕಥೆ ಹೇಳುವುದು ಅವರ ರೂಢಿ. ಕಥೆಯಿಲ್ಲದಿದ್ದರೆ ಸೀರೆಯೂ ಮುಂದೆ ಸಾಗದು. ಅವರಿಗೆ ಗೊತ್ತಿದ್ದ ಇಂಗ್ಲಿಷ್ ಪದವೆಂದರೆ ‘ಟಿಕೆಟ್’ ಒಂದೇ. ಊಟಕ್ಕೂ ಟಿಕೆಟ್, ನೀರಿಗೂ ಟಿಕೆಟ್, ಸೊಸೆಯ ಮೇಲಿನ ಸಿಟ್ಟಿಗೂ ಟಿಕೆಟ್ ಎಂದು ಕೆಲವು ದಿನ ನಡೆಸಿ, ಕೊನೆಗೆ ಅದನ್ನೂ ಬಿಟ್ಟರು.

ಸಂದರ್ಶನದಲ್ಲಿ ಬನಶಂಕರಿ ಯಾವ ಪ್ರಶ್ನೆಗೂ ತುಟಿ ಬಿಚ್ಚಲಿಲ್ಲ. ಇಷ್ಟು ಶಿಸ್ತಿನ ಮಗುವನ್ನು ಈವರೆಗೆ ಕಂಡಿಲ್ಲವೆಂದು ಪ್ರಿನ್ಸಿಪಾಲರು ಮೊದಲ ಸೀಟನ್ನು ಅವಳಿಗೇ ಕೊಟ್ಟರು. ಶ್ರೀರಾಮುಲು ಓಣಿಗೆಲ್ಲಾ ಪೆಪ್ಪರ್‌ಮಿಂಟು ಹಂಚಿ, ಸಿಕ್ಕ ಸೀಟು ಕೈತಪ್ಪದಿರಲೆಂದು ಮನೆಯ ಮೌನವನ್ನು ಮುಂದುವರಿಸಿದರು. ಎರ್ರಮ್ಮನವರು ಮಾತ್ರ ತಮ್ಮ ಪಾಲಿನ ಪೆಪ್ಪರ್‌ಮಿಂಟನ್ನು ಬಾಯಿಗಿಡದೆ ಸೆರಗಿನ ತುದಿಗೆ ಗಂಟು ಹಾಕಿಟ್ಟರು. ಬೆಳಗಾದರೆ ಅರಳು ಹುರಿದಂತೆ ಮಾತನಾಡುತ್ತಿದ್ದ ಕೂಸು ಮೂಲೆ ಹಿಡಿದಿತ್ತು. ಮಾತು ಹೀಗೇ ಬತ್ತಿಹೋದರೆ ಗತಿಯೇನೆಂದು ಅವರು ಒಳಗೊಳಗೇ ಕುದಿಯುತ್ತಿದ್ದರು.

ಮೇಲ್ಕಂಡ ಅಂಶಗಳ ಹಿನ್ನೆಲೆಯಲ್ಲಿ ಈ ಮೂಲಕ ಸೂಚಿಸಲಾಗಿದೆ:

1. ಹಿಂದೂಪುರದಿಂದ ಬೆಂಗಳೂರಿಗೆ ರೈಲು ಹೋಗುವುದರಿಂದಲೂ, ಹೋದ ರೈಲು ಹಿಂದಿರುಗುವುದರಿಂದಲೂ, ಶಾಲಾ ಪ್ರವೇಶದ ಮಟ್ಟಿಗೆ ಹಿಂದೂಪುರವನ್ನು ಮಹಾನಗರವೆಂದು ಭಾವಿಸತಕ್ಕದ್ದು. ಕುಂದುರ್ಪಿ, ಸೆಟ್ಟೂರಿನಂಥ ಹಳ್ಳಿಗಳ ಕಡೆಯವರು ಬಸ್ಸಿಳಿದ ಕೂಡಲೇ ಭಾವಿಸಲು ಆರಂಭಿಸಬೇಕು.

2. ಮಗ್ಗದ ಸದ್ದು ಯಾವ ಭಾಷೆಗೂ ಸೇರದ ಕಾರಣ ಅದನ್ನು ಅನುಮತಿಸಲಾಗಿದೆ. ಆದರೆ ಎರ್ರಮ್ಮನವರು ಹಳೆಯ ಹಾಡಿನ ಲಯಕ್ಕೆ ಲಾಳಿ ಆಡಿಸಿದ್ದು, ಅದನ್ನು ಗುರುತಿಸಿ ಮಗು ನಕ್ಕಿದ್ದು ಗಮನಕ್ಕೆ ಬಂದಿದೆ. ಇದು ಪುನರಾವರ್ತನೆಯಾಗಬಾರದು.

3. ನಾಯಿ ಓಡಿಸುವಾಗ ಬಳಸುವ ‘ಹಚಾ’ ಯಾವ ಭಾಷೆಯದೆಂದು ಮೇಲಧಿಕಾರಿಗಳಿಂದ ಸ್ಪಷ್ಟೀಕರಣ ಕೋರಲಾಗಿದೆ. ಉತ್ತರ ಬರುವವರೆಗೆ ನಾಯಿಗಳು ಅಡುಗೆಮನೆಯಲ್ಲಿಯೇ ಇರಬಹುದು.

4. ಮಗು ನಿದ್ದೆಯಲ್ಲಿ ಕನ್ನಡ ಅಥವಾ ತೆಲುಗಿನಲ್ಲಿ ಕನವರಿಸಿದಲ್ಲಿ, ಎಬ್ಬಿಸಿ, ಅದೇ ಕನಸನ್ನು ಇಂಗ್ಲಿಷಿನಲ್ಲಿ ಮತ್ತೊಮ್ಮೆ ಕಾಣುವಂತೆ ಕ್ರಮ ಕೈಗೊಳ್ಳತಕ್ಕದ್ದು.

5. ಮುಳ್ಳಿನ ಪ್ರಕರಣ: ಶಾಲೆ ಶುರುವಾದ ಹೊಸತರಲ್ಲಿ, ಹಿತ್ತಲಲ್ಲಿ ಆಡುತ್ತಿದ್ದ ಬನಶಂಕರಿಯ ಅಂಗಾಲಿಗೆ ಜಾಲಿಮುಳ್ಳು ಚುಚ್ಚಿತು. ಕೂಸು ಅಳಲಿಲ್ಲ, ಯಾರಿಗೂ ಹೇಳಲಿಲ್ಲ. ಮಾರನೆಯ ದಿನ ಅದೇ ಕಾಲನ್ನು ಬೂಟಿನೊಳಗೆ ತುರುಕಿಕೊಂಡು ಹೋಗಿ, ಸಾಲಿನಲ್ಲಿ ನೆಟ್ಟಗೆ ನಿಂತು, ‘ಗುಡ್’ ಅನ್ನಿಸಿಕೊಂಡು ಬಂತು. ಸಂಜೆ ಬೂಟು ಬಿಚ್ಚಿದ ಎರ್ರಮ್ಮನವರು ಊದಿಕೊಂಡ ಕಾಲನ್ನು ಕಂಡು, ನಿಯಮ ಉಲ್ಲಂಘಿಸಿ, “ಯಾಕೆ ಹೇಳ್ಲಿಲ್ಲ ನನ್ ತಾಯಿ?” ಎಂದು ಕೇಳಿರುತ್ತಾರೆ. ಮಗು ಬಾಗಿಲ ಕಡೆ ನೋಡಿ, ಅಪ್ಪ ಇಲ್ಲವೆಂದು ಖಾತ್ರಿ ಮಾಡಿಕೊಂಡು ಪಿಸುಗುಟ್ಟಿದ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಮುಳ್ಳಿಗೆ ಇಂಗ್ಲಿಷ್ನಾಗೆ ಏನಂತಾರೋ ಗೊತ್ತಿರ್ಲಿಲ್ಲ ಕಣಜ್ಜಿ.”

ಎರ್ರಮ್ಮನವರು ಪಿನ್ನಿನಿಂದ ಮುಳ್ಳು ತೆಗೆದರು. ಅತ್ತರು. ಬಳಿಕ ಮಗುವನ್ನು ಮಗ್ಗದ ಪಕ್ಕ ಕೂರಿಸಿಕೊಂಡು, ನಿಂತುಹೋಗಿದ್ದ ಕಡೆಯಿಂದ ಕಥೆ ಶುರುಮಾಡಿದರು. ಶ್ರೀರಾಮುಲು ಅಂಗಡಿಯಿಂದ ಬರುವ ಹೊತ್ತಿಗೆ ಮಗಳು ಎಡೆಬಿಡದೆ ಮಾತನಾಡುತ್ತಿದ್ದಳು. ಅವರು ಚಪ್ಪಲಿ ಬಿಡುವುದನ್ನೂ ಮರೆತು ಹೊಸ್ತಿಲಲ್ಲೇ ನಿಂತು ಕೇಳಿದರು. ತಡೆಯಲಿಲ್ಲ. ಇದು ಗಂಭೀರ ಕರ್ತವ್ಯಲೋಪವಾಗಿರುತ್ತದೆ.

6. ಇನ್ನು ಮುಂದೆ ಮಕ್ಕಳಿಗೆ ಪೆಟ್ಟು, ನೋವುಗಳು ಪಾಠವಾಗಿರುವ ಅಂಗಗಳಿಗೆ ಮಾತ್ರ ಆಗತಕ್ಕದ್ದು. ಸದ್ಯಕ್ಕೆ ತಲೆ, ಕಣ್ಣು, ಮೂಗು ಮುಗಿದಿವೆ. ಕಾಲು ದಸರಾ ರಜೆಯ ನಂತರ ಬರುತ್ತದೆ. ಅಲ್ಲಿಯವರೆಗೆ ಮುಳ್ಳುಗಳು ಸಹಕರಿಸಬೇಕು. ಹೊಟ್ಟೆನೋವು ಮುಂದಿನ ವರ್ಷದ ಪಠ್ಯ.

7. ಮೇಲಿನ ಕಾರಣಗಳಿಂದ ಬನಶಂಕರಿಯ ಸೀಟನ್ನು ರದ್ದುಪಡಿಸಲಾಗಿದೆ. ಈ ವಿಷಯ ತಿಳಿಸಲು ಕೆಳಗೆ ಸಹಿ ಮಾಡಿರುವವರು ಖುದ್ದಾಗಿ ಹೋಗಿದ್ದಾಗ ಶಾಲೆಯ ಟೈ ಮಗ್ಗದ ಹಗ್ಗ ಹರಿದ ಕಡೆ ಕಟ್ಟಿದ್ದು ಕಂಡುಬಂದಿತು. ಎರ್ರಮ್ಮನವರು ಹುಣಸೆಹಣ್ಣು ಬಿಡಿಸುವುದನ್ನು ನಿಲ್ಲಿಸದೆ ಕೊಟ್ಟ ಹೇಳಿಕೆ: “ಸೀಟು ನೀವೇ ಮಡಿಕ್ಕಳಿ ಸಾಮಿ. ನೋವಾದ್ರೆ ನೋವಾತು ಅಂತ ಕೂಸು ಬಾಯ್ಬಿಟ್ಟು ಹೇಳೋ ಇಸ್ಕೂಲು ಯಾವ್ದೈತೆ, ಅದ್ನ ಹೇಳಿ. ಅಲ್ಲಿಗೆ ಸೇರಿಸ್ತೀವಿ.” ಈ ಬಗ್ಗೆ ಎಲ್ಲ ಕಡತಗಳನ್ನೂ ಪರಿಶೀಲಿಸಲಾಯಿತು. ಕೋರಿದ ಮಾಹಿತಿ ಇಲಾಖೆಯಲ್ಲಿ ಲಭ್ಯವಿರುವುದಿಲ್ಲ.

8. ಟೈಯನ್ನು ಸೀರೆ ಮುಗಿದ ಮೇಲೆ ಹಿಂದಿರುಗಿಸತಕ್ಕದ್ದು.

(ಸಹಿ)
ಕೇಶವಯ್ಯ
ಅಧೀಕ್ಷಕರು, ಸಂಬಂಧಪಟ್ಟ ಇಲಾಖೆ

ಪ್ರತಿಗಳು:
1. ಸದರಿ ಶಾಲೆಯ ಪ್ರಿನ್ಸಿಪಾಲರಿಗೆ, ಬೈಯಲು.
2. ಶ್ರೀ ಶ್ರೀರಾಮುಲು ಅವರಿಗೆ, ಉಳಿದೆರಡು ಶಾಲೆಗಳ ಮುಂದೆಯೂ, ಒಳಗಿಂದ ಮಕ್ಕಳ ಮಾತು ಕೇಳಿಬರುತ್ತದೆಯೇ ಎಂದು, ಸ್ವಲ್ಪ ಹೊತ್ತು ನಿಂತು ಬರುವಂತೆ ಕೋರಿ.
3. ಹಿತ್ತಲಿನ ಜಾಲಿಗಿಡಕ್ಕೆ, ಬುಡದಲ್ಲಿ ಅಂಟಿಸಲು.
4. ಮೇಲೆ ಸಹಿ ಮಾಡಿರುವವರ ಸ್ವಂತ ಮನೆಗೆ: ಮೊಮ್ಮಗಳು ಸದರಿ ಶಾಲೆಯಲ್ಲಿ ಎರಡನೇ ವರ್ಷ ಓದುತ್ತಿದ್ದು, ಅತ್ಯಂತ ಶಿಸ್ತಿನ ಮಗುವೆಂದು ಬಹುಮಾನ ಪಡೆದಿರುತ್ತಾಳೆ. ಈ ಪ್ರತಿ ತಲುಪಿದ ಕೂಡಲೇ ಮಗುವಿನ ಬೂಟು ಬಿಚ್ಚಿ ನೋಡತಕ್ಕದ್ದು.