ಬೈಸಿಕೊಳ್ಳುವ ಭಾಗ್ಯ

ನನ್ನ ನೆಗೆಣ್ಣಿಗೆ ಓದು ಬರಹ ಬರುವುದಿಲ್ಲ. ಆದರೂ ಇಂಟರ್‌ನೆಟ್ಟಿನಲ್ಲಿ ಆಕೆಯನ್ನು ಬೈಯಲು ನಾಲ್ಕು ಭಾಷೆಯ ಜನ ಸಾಲುಗಟ್ಟಿ ನಿಂತಿದ್ದರು. ನನಗೆ ಓದು ಬರಹ ಎರಡೂ ಬರುತ್ತವೆ, ಭಾನುವಾರದ ಪುರವಣಿಗಳಲ್ಲಿ ಹದಿನಾಲ್ಕು ಕವಿತೆ ಅಚ್ಚಾಗಿವೆ. ಇಷ್ಟಾಗಿಯೂ ಇವತ್ತಿನವರೆಗೆ ಒಬ್ಬೇ ಒಬ್ಬ ಪುಣ್ಯಾತ್ಮ ನನ್ನನ್ನು ಬೈದಿಲ್ಲ. ಇದು ನ್ಯಾಯವೇ, ನೀವೇ ಹೇಳಿ!

ನೆಗೆಣ್ಣಿ ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಾನು ಆಕೆಗೆ ಅಕ್ಕಾ ಎನ್ನುತ್ತೇನೆ, ಆಕೆ ನನಗೆ ತಂಗಿ ಎನ್ನುತ್ತಾಳೆ. ನಾವು ಬಾಗಲಕೋಟೆ ಕಡೆಯವರು. ಈಗ ಗೋವಾದಲ್ಲಿ, ಝುವಾರಿನಗರದ ಒಂದೇ ಚಾಳಿನಲ್ಲಿ, ಒಂದೇ ಗೋಡೆಯ ಆಚೆ ಈಚೆ ನಮ್ಮ ಸಂಸಾರ. ನಾನು ಬಸ್‌ಸ್ಟಾಪಿನ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಊರವರ ಆಧಾರ್, ಪ್ಯಾನ್ ಕಾರ್ಡುಗಳ ಅರ್ಜಿ ತುಂಬುತ್ತೇನೆ. ಆಕೆ ಬೀಚಿನಲ್ಲಿ ಮಣಿಸರ, ಕಾಲ್ಗೆಜ್ಜೆ ಮಾರುತ್ತಾಳೆ.

ನಾನು ಮದುವೆಯಾಗಿ ಬಂದ ದಿನವೇ ಆಕೆಯ ಬಾಯಿಯ ಪರಿಚಯವಾಯಿತು. ಎಲ್ಲರೂ ಹುಡುಗಿ ಲಕ್ಷಣವಾಗಿದ್ದಾಳೆ, ಪಿಯುಸಿ ಮುಗಿಸಿದ್ದಾಳೆ ಎಂದು ಹೊಗಳುತ್ತಿದ್ದಾಗ ಆಕೆ ಹತ್ತಿರ ಬಂದು ನನ್ನ ಗಲ್ಲ ಎತ್ತಿ ನೋಡಿ, ಹುಡುಗಿ ಚಲೋ ಇದ್ದಾಳೆ, ಆದರೆ ನಗುವುದೇ ಇಲ್ಲವಲ್ಲ, ಮನೆಯಲ್ಲಿ ಬೈದು ಕಳಿಸಿದ್ದಾರೇನು ಎಂದು ಇಡೀ ಚಪ್ಪರಕ್ಕೆ ಕೇಳುವಂತೆ ವಿಚಾರಿಸಿದಳು. ಖರೇ ಹೇಳಬೇಕೆಂದರೆ ಬೈದೇ ಕಳಿಸಿದ್ದರು. ಆದರೆ ಅದನ್ನು ಚಪ್ಪರದಲ್ಲಿ ಹೇಳುವುದೇ?

ಆಕೆಯ ಮನಸ್ಸಿಗೆ ಬಂದದ್ದು ಬಾಯಿಗೆ ಬರಲು ಒಂದು ಕ್ಷಣವೂ ಹಿಡಿಯುವುದಿಲ್ಲ. ಹೋದ ಬೇಸಿಗೆಯಲ್ಲಿ ಚಾಳಿನ ನಲ್ಲಿಗೆ ಎಂಟು ದಿನ ನೀರು ಬರಲಿಲ್ಲ. ಮನೆ ಮಾಲೀಕ ಬಂದಾಗ ಗಂಡಸರೆಲ್ಲ ಕೈ ಕಟ್ಟಿ ನಿಂತು, ಸಾಹೇಬರು ದೊಡ್ಡ ಮನಸ್ಸು ಮಾಡಬೇಕು ಎಂದು ಬೇಡಿಕೊಂಡರು. ಈಕೆ ಮಾತ್ರ ಅವರ ಹತ್ತಿರ ಹೋಗಿ ಮೂಸಿ ನೋಡಿ, ಆಹಾ, ಎಂಥ ಒಳ್ಳೆಯ ಸಾಬೂನಿನ ವಾಸನೆ, ಇವತ್ತು ಯಾರ ಮನೆಯ ನೀರಿನಲ್ಲಿ ಜಳಕ ಮಾಡಿದಿರಿ ಎಂದು ಶುದ್ಧ ಕೊಂಕಣಿಯಲ್ಲಿ ಕೇಳಿದಳು. ಯಾರೋ ಅದನ್ನೂ ಒಣಗಿದ ನಲ್ಲಿಯನ್ನೂ ಮೊಬೈಲಿನಲ್ಲಿ ವಿಡಿಯೊ ಹಿಡಿದು ಇಂಟರ್‌ನೆಟ್ಟಿಗೆ ಹಾಕಿದರು. ಸಂಜೆಯೊಳಗೆ ಟ್ಯಾಂಕರು ಬಂತು. ನೀರು ತುಂಬಿಕೊಂಡವರಲ್ಲಿ ನಾನೇ ಮೊದಲಿಗಳು. ಆದರೆ ಕೊಡ ಹೊತ್ತು ಬರುವಾಗ ನನ್ನ ಹೊಟ್ಟೆಯೊಳಗೆ ಸಣ್ಣಗೆ ಉರಿಯುತ್ತಿತ್ತು. ಅದೇ ನೀರಿಗಾಗಿ ನಾನು ಮೂರು ಪುಟದ ಮನವಿ ಬರೆದುಕೊಟ್ಟಿದ್ದೆ. ಅದು ಎಲ್ಲಿಗೆ ಹೋಯಿತೋ!

ಇನ್ನು ಆಕೆಯ ಫೋನು. ಅಕ್ಷರ ಬಾರದ್ದರಿಂದ ಮೈಕಿನ ಗುರುತು ಒತ್ತಿ ಮಾತನಾಡಿಯೇ ಹುಡುಕುತ್ತಾಳೆ. ಅದೂ ತುಂಬಿದ ವಾಸ್ಕೋ ಬಸ್ಸಿನಲ್ಲಿ. ಒಂದು ಸಲ, ಅತ್ತೆಗೆ ಸಿಟ್ಟು ಬಂದರೆ ಎಷ್ಟು ದಿನಕ್ಕೆ ಇಳಿಯುತ್ತದೆ ಎಂದು ಕೇಳಿದಳು. ಪಕ್ಕದ ಸೀಟಿನಲ್ಲಿ ಅತ್ತೆಯೇ ಕೂತಿದ್ದರು. ಫೋನು ರಕ್ತದೊತ್ತಡಕ್ಕೆ ಉಪ್ಪು ಕಡಿಮೆ ಮಾಡಿ ಎಂದಿತು. ಕಂಡಕ್ಟರ್ ಮೊದಲುಗೊಂಡು ಬಸ್ಸಿಗೆ ಬಸ್ಸೇ ನಕ್ಕಿತು. ಅತ್ತೆಗೆ ಸಿಟ್ಟು ಬರಬೇಕಿತ್ತು ತಾನೇ? ಅವರೂ ನಕ್ಕರು! ಅದೇ ಅತ್ತೆ, ನಾನು ಸಾರಿಗೆ ಉಪ್ಪು ಸ್ವಲ್ಪ ಕಡಿಮೆ ಹಾಕಿದರೆ ಎರಡು ದಿನ ಮಾತು ಬಿಡುತ್ತಾರೆ.

ನಾನೂ ಫೋನಿನಲ್ಲಿ ಹುಡುಕುತ್ತೇನೆ. ಅಂಗಡಿಯ ಷಟರ್ ಎತ್ತಿ, ಊದಿನಕಡ್ಡಿ ಹಚ್ಚಿ, ನನ್ನದೇ ಹೆಸರು ಬರೆದು ಒತ್ತುತ್ತೇನೆ. ಪ್ರತಿದಿನವೂ ಹುಬ್ಬಳ್ಳಿಯ ಹಲ್ಲಿನ ಡಾಕ್ಟರೊಬ್ಬರು ಬರುತ್ತಾರೆ. ಅವರದೂ ನನ್ನದೂ ಒಂದೇ ಹೆಸರು. ಅವರ ಬಗ್ಗೆ ಜನ ಒಳ್ಳೆಯ ಮಾತು ಬರೆದಿದ್ದಾರೆ, ನೋವಾಗದ ಹಾಗೆ ಕೀಳುತ್ತಾರಂತೆ. ನನ್ನ ಕವಿತೆಗಳಿಗೆ ಆ ಗುಣವೂ ಇಲ್ಲ.

ಹೀಗಿರುವಾಗ ಆ ಘಟನೆ ನಡೆಯಿತು. ಚಳಿಗಾಲದ ಸೀಸನ್ನಿನಲ್ಲಿ ಪ್ರವಾಸಿಯೊಬ್ಬ ಬೀಚಿನಲ್ಲಿ ನೆಗೆಣ್ಣಿಯನ್ನು ಕರೆದು, ಸರಗಳನ್ನೆಲ್ಲ ಒಂದೊಂದಾಗಿ ಹಾಕಿಕೊಂಡು ತನ್ನ ಚಾನೆಲ್ಲಿಗಾಗಿ ವಿಡಿಯೊ ಮಾಡಿಕೊಂಡ. ಒಂದನ್ನೂ ಕೊಳ್ಳಲಿಲ್ಲ. ಅದು ಹೋಗಲಿ, ಕೊನೆಗೆ ಕ್ಯಾಮೆರಾವನ್ನು ಆಕೆಯ ಮುಖಕ್ಕೆ ತಿರುಗಿಸಿ, ಇಂಥವರು ಎಲ್ಲಿಂದಲೋ ಬಂದು ಗೋವಾದ ಬೀಚನ್ನು ಹೊಲಸು ಮಾಡುತ್ತಾರೆ, ಇವರು ಕಳ್ಳರು, ಹತ್ತಿರ ಸೇರಿಸಬೇಡಿ ಎಂದು ಹಿಂದಿಯಲ್ಲಿ ವೀಕ್ಷಕರಿಗೆ ಬುದ್ಧಿ ಹೇಳಿದ. ಮಣಿ ಮಾರುವವಳಿಗೆ ತನ್ನ ಹಿಂದಿ ತಿಳಿಯದು ಎಂದುಕೊಂಡಿದ್ದ, ಪಾಪ. ಆಕೆ ರಷ್ಯನ್ ಭಾಷೆಯಲ್ಲೂ ಜಗಳ ಆಡಬಲ್ಲಳು.

ಆಕೆ ಹಿಂದಿಯಲ್ಲಿ ಶುರು ಮಾಡಿದಳು. ನೀನೂ ಹೊರಗಿನಿಂದ ಬಂದವನು, ನಾನೂ ಹೊರಗಿನಿಂದ ಬಂದವಳು. ನೀನು ನಾಲ್ಕು ದಿನಕ್ಕೆ ಬಂದಿದ್ದೀಯ, ನಾನು ಇಪ್ಪತ್ತು ವರ್ಷದಿಂದ ಈ ಮರಳಿನಲ್ಲಿ ನಡೆಯುತ್ತಿದ್ದೇನೆ. ಹೊಲಸು ಯಾರದೆಂದು ನಿನ್ನ ಕಾಲಬುಡದ ಬಾಟಲಿಗಳನ್ನು ಕೇಳು. ನಾನು ನಿನ್ನಿಂದ ಏನು ಕದ್ದೆ, ಅದರ ಹೆಸರು ಹೇಳು. ಹೀಗೆ ಕೊಂಕಣಿ, ಇಂಗ್ಲಿಷ್ ಎಲ್ಲ ಸುತ್ತಿ ಕನ್ನಡಕ್ಕೆ ಬಂದು, ನಿಮ್ಮವ್ವ ನಿನಗ ಮಾತು ಕಲಿಸ್ಯಾಳ, ಯಾರ ಜೋಡಿ ಹೆಂಗ ಮಾತಾಡಬೇಕು ಅನ್ನೂದ ಕಲಿಸಿಲ್ಲ ಎಂದು ಮುಗಿಸಿದಳು. ಆ ಮಹಾನುಭಾವ ಜಗಳಕ್ಕೆ ಜನ ಹೆಚ್ಚು ಸೇರುತ್ತಾರೆಂಬ ಆಸೆಗೆ ಎಲ್ಲವನ್ನೂ ಹಾಗೇ ಹಾಕಿಬಿಟ್ಟ.

ಜನ ಸೇರಿದರು. ನಮ್ಮ ಬೀಚಿನ ಹೆಸರು ಬರೆದು ಹುಡುಕಿದರೆ ಸೂರ್ಯಾಸ್ತಕ್ಕಿಂತ ಮೊದಲು ನನ್ನ ನೆಗೆಣ್ಣಿ ಬರತೊಡಗಿದಳು. ಮನೆಯವರಲ್ಲಿ ಮೊದಲು ನೋಡಿದವಳು ನಾನೇ, ಅಂಗಡಿಯ ಕಂಪ್ಯೂಟರಿನಲ್ಲಿ. ಒಟ್ಟು ಮೂರು ಕೊಂಡಿಗಳಿದ್ದವು. ಮೊದಲನೆಯದು ಆ ವಿಡಿಯೊ. ಎರಡನೆಯದರಲ್ಲಿ ಆಕೆಯ ಬಾಯಿ ತೆರೆದ ಚಿತ್ರವೊಂದನ್ನು ಕತ್ತರಿಸಿ ಹಾಕಿ, ಕೆಳಗೆ ನೂರಾರು ಜನ ಬೈದಿದ್ದರು. ಬಾಯಿ, ಬಣ್ಣ, ಊರು, ಜಾತಿ, ಯಾವುದನ್ನೂ ಬಿಟ್ಟಿರಲಿಲ್ಲ. ಓದುತ್ತ ನನಗೆ ಸಿಟ್ಟು ಬಂತು, ನಾಚಿಕೆ ಬಂತು, ಕಣ್ಣೀರೂ ಬಂತು. ಅದರ ಜೊತೆಗೇ, ಹೇಳಲು ಸಂಕೋಚವಾಗುತ್ತದೆ, ನೂರಾರು ಜನ ಎಂಬ ಲೆಕ್ಕವೂ ಹೊಟ್ಟೆಗೆ ಚುಚ್ಚಿತು. ನಡುನಡುವೆ ಕೆಲವರು ಆಕೆಯ ಪರವಾಗಿ ಬರೆದು, ಏನು ಮಾತು, ಏನು ಗತ್ತು ಎಂದಿದ್ದರು. ಹದಿನಾಲ್ಕು ಕವಿತೆಗೆ ನನಗೆ ಒಂದು ಪೋಸ್ಟ್‌ಕಾರ್ಡ್ ಬಂದಿತ್ತು. ಅದೂ ಪುರವಣಿಯವರದು, ಚಿಕ್ಕದಾಗಿ ಬರೆಯಿರಿ ಎಂದು.

ಮೂರನೆಯದು ಮಾತ್ರ ಬರೀ ಬೈಗುಳವಾಗಿರಲಿಲ್ಲ. ಯಾರೋ ನಮ್ಮ ಚಾಳಿನ ಗುರುತು, ಆಕೆಯ ಮಗಳ ಹೆಸರು, ಅವಳು ಕೆಲಸಕ್ಕೆ ಹೋಗುವ ದಾರಿ ಎಲ್ಲ ಬರೆದು, ಹೋಗಿ ಪಾಠ ಕಲಿಸಿ ಬನ್ನಿ ಎಂದು ಕರೆ ಕೊಟ್ಟಿದ್ದರು.

ಮನೆಯಲ್ಲಿ ಸಭೆ ಸೇರಿತು. ಮಗಳನ್ನು ನೋಡಲು ಪಕ್ಕದ ಸಾಂಕೋಲೆಯಿಂದ ಬೀಗರಾಗುವವರು ಬರುವುದಿತ್ತು. ಹುಡುಗ ಅಲ್ಲಿಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಅವರು ಇದನ್ನೆಲ್ಲ ನೋಡಿದರೆ ಗತಿಯೇನು ಎಂದು ಭಾವ ಹೌಹಾರಿದ್ದರು. ಇಂಥ ಹೊಲಸನ್ನು ಜನರ ಮುಂದೆ ತಂದಿಡುವ ಹುಡುಕಾಟದ ಕಂಪನಿಯವರಿಗೆ ಅಕ್ಕತಂಗಿಯರಿಲ್ಲವೇ, ಎಲ್ಲವನ್ನೂ ಅಳಿಸಿಹಾಕಬೇಕು ಎಂದರು. ನನ್ನ ಗಂಡ, ಟೆಂಪೊ ಓಡಿಸುವ ಮನುಷ್ಯ, ಅಪರೂಪಕ್ಕೆ ಬಾಯಿಬಿಟ್ಟ. ಇವತ್ತು ನಾವು ಬೇಡವೆಂದದ್ದನ್ನು ಅವರು ಅಡಗಿಸಿದರೆ ನಾಳೆ ಮನೆ ಮಾಲೀಕ ಬೇಡವೆಂದಾಗ ನಮ್ಮ ನಲ್ಲಿಯ ವಿಡಿಯೊವನ್ನೂ ಅಡಗಿಸುತ್ತಾರೆ, ಆಗ ಏನು ಮಾಡುತ್ತೀರಿ ಎಂದ. ನಾನು ಮನೆತನದ ಮರ್ಯಾದೆಯ ಮೇಲೆ ಉದ್ದವಾಗಿ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಮೂರೂ ಹೋಗಬೇಕು ಎಂದೆ.

ನೆಗೆಣ್ಣಿ ಗೋಡೆಗೊರಗಿ ದಾರಕ್ಕೆ ಮಣಿ ಪೋಣಿಸುತ್ತಿದ್ದಳು. ಎಲ್ಲರದೂ ಮುಗಿದ ಮೇಲೆ ನನ್ನನ್ನು ಕೇಳಿದಳು.

"ತಂಗಿ, ಅವ ಅಂದದ್ದನ್ನ ತಗಸಿದ್ರ, ನಾ ಅಂದದ್ದೂ ಹೊಕ್ಕೈತೇನು?"

ಹೋಗುತ್ತದೆ, ಎರಡೂ ಒಂದೇ ವಿಡಿಯೊದಲ್ಲಿವೆ ಎಂದೆ.

"ಹಂಗಾದ್ರ ಅದು ಇರ್ಲಿ. ಚಿತ್ರಾ ಹಾಕಿ ಬೈದದ್ದೂ ಇರ್ಲಿ. ಬೈದವರ ಹೆಸರ ಅಲ್ಲೇ ಅದಾವಲ್ಲ, ನಾಳೆ ಅವರ ಮಕ್ಕಳು ಹುಡುಕಿ ನೋಡ್ಲಿ. ಮೂರನೇದ್ದು ಮಾತಲ್ಲ, ನನ್ನ ಮಗಳ ಬೆನ್ನಿಗೆ ನಾಯಿ ಬಿಟ್ಟಂಗ. ಅದೊಂದು ತಗಸು."

ಹುಡುಕಾಟದ ಕಂಪನಿಗಳು ಕೆಟ್ಟ ಮಾತನ್ನು ಮುಚ್ಚಿಡಬೇಕೋ ತೆರೆದಿಡಬೇಕೋ ಎಂದು ದೊಡ್ಡವರು ಪತ್ರಿಕೆಗಳಲ್ಲಿ ವರ್ಷಗಟ್ಟಲೆ ವಾದ ಮಾಡುತ್ತಿದ್ದಾರೆ, ನಾನು ಓದುತ್ತಿರುತ್ತೇನೆ. ಈಕೆ ಒಂದು ಸರ ಪೋಣಿಸುವಷ್ಟರಲ್ಲಿ ತೀರ್ಪು ಕೊಟ್ಟು ಕೈ ಕೊಡವಿಕೊಂಡಳು. ಅತ್ತೆ, ನನ್ನ ಸೊಸೆಯ ತಲೆ ನೋಡಿ ಎಂದರು. ನನ್ನ ಸೊಸೆ ಎಂದದ್ದು ಆಕೆಯನ್ನು. ನಾನು ಅಲ್ಲಿಯೇ ಕೂತಿದ್ದೆ.

ಮರುದಿನ ಅಂಗಡಿಯಲ್ಲಿ ಆಕೆಯ ಫೋನಿನ ಖಾತೆಯಿಂದ ಹುಡುಕಾಟದ ಕಂಪನಿಗೆ ಅರ್ಜಿ ತುಂಬಿದೆ. ಯಾವ ಕೊಂಡಿ ತೆಗೆಯಬೇಕು ಎಂದು ಕೇಳಿತ್ತು. ಮೂರನೆಯದನ್ನು ಬರೆದೆ. ಕೆಳಗೆ, ಇನ್ನೂ ಇದ್ದರೆ ಸೇರಿಸಿ ಎಂಬ ಖಾನೆ ಖಾಲಿ ಬಿದ್ದಿತ್ತು. ಮರ್ಯಾದೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ, ಬೀಗರ ಸಲುವಾಗಿ ಎಂದೂ ಹೇಳಿಕೊಂಡೆ. ಮೊದಲ ಎರಡನ್ನೂ ಸೇರಿಸಿ ಕಳಿಸಿಬಿಟ್ಟೆ. ಆಮೇಲೆ ಅಭ್ಯಾಸದಂತೆ ನನ್ನ ಹೆಸರು ಹುಡುಕಿದೆ. ಹಲ್ಲಿನ ಡಾಕ್ಟರು ಬಂದರು.

ಒಂದು ವಾರ ಕಳೆಯಿತು. ಮೂರನೆಯ ಕೊಂಡಿ ಹುಡುಕಿದರೆ ಸಿಗದಂತಾಯಿತು. ಉಳಿದೆರಡು ಅಲ್ಲೇ ಇದ್ದವು. ಕಂಪನಿಯವರು ಒಪ್ಪಲಿಲ್ಲ ಎಂದುಕೊಂಡೆ. ನಾನು ಮಾಡಿದ್ದು ಯಾರಿಗೂ ಗೊತ್ತಾಗಲಿಲ್ಲವಲ್ಲ ಎಂದು ಸಮಾಧಾನವಾಯಿತು. ನೆಗೆಣ್ಣಿ ಎಂದಿನಂತೆಯೇ ಬೆಳಿಗ್ಗೆ ಗೋಡೆ ಬಡಿದು ಚಹಾ ಆಯಿತೇನು ಎಂದು ಕೇಳುತ್ತಿದ್ದಳು.

ಸಾಂಕೋಲೆಯವರು ಬಂದರು. ಭಾವ ಎಲ್ಲರ ಫೋನುಗಳನ್ನು ದೂರ ಇಡಿಸಿದ್ದರು. ಹುಡುಗನ ತಾಯಿ ಅವಲಕ್ಕಿಯ ತಟ್ಟೆ ಕೈಗೆತ್ತಿಕೊಂಡು ನೆಗೆಣ್ಣಿಯ ಮುಖವನ್ನೇ ನೋಡತೊಡಗಿದಾಗ ನಾನು ಕಣ್ಣು ಮುಚ್ಚಿದೆ.

"ವಿಡಿಯೊದಾಗ ಮಾತಾಡಿದಾಕಿ ನೀವ ಹೌದಲ್ರಿ?" ಎಂದರು ಆಕೆ. "ನಾ ಹನ್ನೆರಡು ವರ್ಷದಿಂದ ಮಂದಿ ಮನಿ ಕಸಾ ಹೊಡ್ಯಾಕತ್ತೇನಿ. ನನಗೂ ಹಿಂಗ ಅಂದಾರ. ತಿರುಗಿ ಅನ್ನಾಕ ಬಾಯಿ ಬರಲಿಲ್ಲ. ನಿಮ್ಮದನ್ನ ನಮ್ಮ ಅಕ್ಕತಂಗ್ಯಾರಿಗೆಲ್ಲ ಕಳಿಸೇನ್ರಿ."

ಸಂಬಂಧ ಅಲ್ಲಿಯೇ ಕುದುರಿತು. ಭಾವ ಒಳಗೆ ಹೋಗಿ ಫೋನು ತಂದು, ಅಳಿಸಬೇಕೆಂದು ಹಾರಾಡಿದ್ದ ಅದೇ ವಿಡಿಯೊವನ್ನು ಬೀಗರಿಗೆ ಮೊದಲಿನಿಂದ ಹಾಕಿ ತೋರಿಸಿದರು! ನಾನು ಚಹಾದ ಕಪ್ಪು ತೊಳೆದೆ.

ನಿಶ್ಚಿತಾರ್ಥದ ದಿನ ಹುಡುಗಿಯ ತಲೆಗೆ ಅಬ್ಬಲಿಗೆ ಮುಡಿಸುತ್ತಿದ್ದೆ. ಅವಳು ಕನ್ನಡಿಯಲ್ಲಿ ನನ್ನನ್ನು ನೋಡುತ್ತ, ಸಿಟ್ಟಾಗಬೇಡ ಚಿಗವ್ವ, ಒಂದು ಮಾತು ಕೇಳುತ್ತೇನೆ, ಅರ್ಜಿಯಲ್ಲಿ ಮೂರೂ ಯಾಕೆ ಬರೆದೆ ಎಂದಳು. ಕಂಪನಿಯ ಉತ್ತರ ಅವಳ ಅವ್ವನ ಫೋನಿಗೆ ಬಂದಿತ್ತಂತೆ. ಕೇಳಿಕೊಂಡ ಮೂರು ಕೊಂಡಿಗಳನ್ನೂ, ಯಾವುದನ್ನು ತೆಗೆದೆವು, ಯಾವುದನ್ನು ತೆಗೆಯಲಿಲ್ಲ ಎಂಬುದನ್ನೂ ಅದರಲ್ಲಿ ಬರೆದಿದ್ದರಂತೆ. ಅವ್ವ ಎರಡು ಸಲ ಓದಿಸಿಕೊಂಡಳು. ಇದನ್ನು ಯಾರ ಮುಂದೆಯೂ ಹೇಳಬೇಡ, ನಿಮ್ಮಪ್ಪನ ಮುಂದೆ ಮೊದಲೇ ಬೇಡ ಎಂದಳಂತೆ.

ಅದಾಗಿ ತಿಂಗಳಾಗಿತ್ತು. ಅತ್ತೆಯ ಸಿಟ್ಟನ್ನು ಬಸ್ಸಿಗೆ ಹಂಚಿದವಳು, ಮಾಲೀಕನ ಜಳಕವನ್ನು ಇಡೀ ಚಾಳಿಗೆ ಸಾರಿದವಳು ತಿಂಗಳಿಡೀ ನನ್ನ ಒಂದು ಮಾತನ್ನು ಬಾಯಲ್ಲಿ ಹಿಡಿದಿಟ್ಟುಕೊಂಡು ನನ್ನ ಜೊತೆ ಚಹಾ ಕುಡಿದಿದ್ದಳು.

ಮರುದಿನ ಮಧ್ಯಾಹ್ನ ಅಂಗಡಿ ಮುಚ್ಚಿ ಬೀಚಿಗೆ ಹೋದೆ. ಆಕೆ ದೋಣಿಯ ನೆರಳಿನಲ್ಲಿ ಕೂತು ಸಿಕ್ಕು ಬಿದ್ದ ಸರಗಳನ್ನು ಬಿಡಿಸುತ್ತಿದ್ದಳು. ನಾನು ನಿಂತೇ, ಅರ್ಜಿಯಲ್ಲಿ ಮೂರೂ ನಾನೇ ಬರೆದೆ ಎಂದೆ. ಗೊತ್ತಿದೆ ಎಂದಳು. ಯಾಕೆ ಎಂದು ಕೇಳುವುದಿಲ್ಲವೇ ಎಂದೆ.

"ಏನ ಕೇಳೂದು? ಹೊಟ್ಟಿಕಿಚ್ಚಿಗೆ ಬರದಿ."

ನಾನು ಅಲ್ಲೇ ಮರಳಿನ ಮೇಲೆ ಕೂತೆ. ಆಕೆ ಸರ ಕೆಳಗಿಟ್ಟು ನನ್ನ ಮೊಣಕಾಲ ಮೇಲೆ ಕೈ ಇಟ್ಟಳು.

"ಇಷ್ಟ ವರ್ಷ ನನ್ನ ನೋಡಿದವರೆಲ್ಲ ಪಾಪ ಅಂದಾರ, ತಂಗಿ. ಬಿಸಲಾಗ ಅಡ್ಡಾಡ್ತಾಳ ಪಾಪ, ಸಾಲಿ ಕಲ್ತಿಲ್ಲ ಪಾಪ, ಮಂದಿ ಕಡಿಂದ ಅನಿಸ್ಕೊಂತಾಳ ಪಾಪ. ನನ್ನ ಮ್ಯಾಲ ಹೊಟ್ಟಿಕಿಚ್ಚು ಪಟ್ಟಾಕಿ ನೀ ಒಬ್ಬಾಕಿನ. ಅದೂ ಇಷ್ಟು ಓದಿದಾಕಿ. ಮಗಳು ಓದಿ ಹೇಳಿದಾಗ ನನಗ ಭಾಳ ಚಲೋ ಅನ್ನಿಸ್ತು. ಎಲ್ಲಾರಿಗೂ ಹೇಳಿ ಅದನ್ನ ಯಾಕ ಕೆಡಸ್ಕೊಳ್ಳಲಿ?"

ಅವತ್ತಿನಿಂದ ಇವತ್ತಿನವರೆಗೆ ಆಕೆ ಈ ಮಾತನ್ನು ಯಾರ ಮುಂದೆಯೂ ಎತ್ತಿಲ್ಲ. ಹಾಗಾಗಿ ನಾನೇ ಹೇಳಬೇಕಾಯಿತು.