ಬಂದರಿನಿಂದ ಬಂದ ಕುರ್ಚಿ

ಶಂಭುಲಿಂಗನ ಕಪ್ಪು ಪ್ಯಾಂಟಿನ ಮೇಲೆ ಒಂದು ಚಿಟಿಕೆ ಪುಡಿ ಉದುರಿತು. ರಾಗಿಹಿಟ್ಟಿನಷ್ಟು ನುಣುಪು, ಬಣ್ಣ ಮಾತ್ರ ಕಡಲೆಹಿಟ್ಟಿನದು. ಬೇರೆ ಯಾರೇ ಆಗಿದ್ದರೂ ಕೈಯಿಂದ ಕೊಡವಿಕೊಂಡು ಚಹಾ ಕುಡಿಯುತ್ತಿದ್ದರು. ಆದರೆ ಶಂಭುಲಿಂಗ ಕರಾವಳಿಯ ಬಂದರೊಂದರಲ್ಲಿ ಸಸ್ಯ ತಪಾಸಣೆಯ ಮೇಲ್ವಿಚಾರಕ. ಹೊರದೇಶದಿಂದ ಬರುವ ಬೇಳೆ, ಬೀಜ, ಹಣ್ಣು, ಮರ ಎಲ್ಲವನ್ನೂ ಅವನ ಕೈಕೆಳಗಿನ ನಾಲ್ವರು ಇನ್‌ಸ್ಪೆಕ್ಟರುಗಳು ಬಿಚ್ಚಿ, ಜರಡಿ ಹಿಡಿದು, ಭೂತಗನ್ನಡಿಯಲ್ಲಿ ನೋಡಬೇಕು. ಹುಳವಿಲ್ಲ, ಕಳೆಯಿಲ್ಲ ಎಂದು ಖಾತ್ರಿಯಾದ ಮೇಲೆ ಇವನು ಸಹಿ ಹಾಕಬೇಕು. ಆಮೇಲಷ್ಟೇ ಮಾಲು ಗೇಟು ದಾಟುವುದು. ಒಂದು ಮುಷ್ಟಿ ಕಳೆಬೀಜ ಸಿಕ್ಕಿತೆಂದು ಒಂದು ಹಡಗು ಬಟಾಣಿಯನ್ನೇ ಬಂದ ದಾರಿಗೆ ಅಟ್ಟಿದ್ದವನು ಅವನು. ಅಂಥವನಿಗೆ ಮರದ ಪುಡಿ ಕಂಡರೆ ಪೊಲೀಸನಿಗೆ ರಕ್ತದ ಕಲೆ ಕಂಡ ಹಾಗೆ.

ಪುಡಿ ಉದುರಿದ್ದು ಅವನು ಕೂತಿದ್ದ ಕುರ್ಚಿಯ ತೋಳಿನಿಂದ. ಕುರ್ಚಿ ಇದ್ದದ್ದು ಎಕ್ಕಂಬಿ ಎಂಬ ಹಳ್ಳಿಯ ವೀರಪ್ಪನ ಪಡಸಾಲೆಯಲ್ಲಿ. ವೀರಪ್ಪನ ಮಗ ಪವನ್ ಶಿರಸಿಯಲ್ಲಿ ಮೇಜು ಕುರ್ಚಿಗಳ ಅಂಗಡಿ ಇಟ್ಟವನು. ಅವನಿಗೆ ಶಂಭುಲಿಂಗನ ಮಗಳು ಅಭಿಜ್ಞಾಳನ್ನು ಕೊಡುವ ಮಾತು ಮುಕ್ಕಾಲು ಮುಗಿದು, ಇವತ್ತು ಹೆಣ್ಣಿನ ಕಡೆಯವರು ಮನೆ ನೋಡಲು ಬಂದಿದ್ದರು.

ಶಂಭುಲಿಂಗ ಪುಡಿಯತ್ತ ಬಾಗಿದ್ದೇ ತಡ, ಪಕ್ಕದಲ್ಲಿದ್ದ ಹೆಂಡತಿ ಜ್ಯೋತಿ ಅವನ ಮೊಣಕೈ ಚಿವುಟಿದಳು. ಇದಕ್ಕೂ ಕಾರಣವಿತ್ತು. ಹೋದ ವರ್ಷ ಯಲ್ಲಾಪುರದ ಸಂಬಂಧವೊಂದು ಹೀಗೇ ತಪ್ಪಿತ್ತು. ಆ ಮನೆಯಲ್ಲಿ ಪಾಯಸದ ಗೋಡಂಬಿಯನ್ನು ಬೆಳಕಿಗೆ ಹಿಡಿದು, "ಇದರೊಳಗೆ ಹುಳ ಸಂಸಾರ ಮಾಡಿ ಹೋಗಿದೆ" ಎಂದು ಇವನು ಬೀಗರೆದುರು ಸಾರಿಬಿಟ್ಟಿದ್ದ. ಅದಕ್ಕೇ ಬರುವಾಗ ಕಾರಿನಲ್ಲಿ ಜ್ಯೋತಿ ಆಣೆ ಹಾಕಿಸಿಕೊಂಡಿದ್ದಳು. "ಇವತ್ತು ನಿಮಗ ಕಣ್ಣಿಲ್ಲ, ಮೂಗಿಲ್ಲ. ಕೊಟ್ಟದ್ದು ತಿನ್ನಾಕ ಬಾಯಿ ಒಂದ ಐತಿ, ತಿಳೀತಿಲ್ಲೋ?"

"ಕುರ್ಚಿ ಹ್ಯಾಂಗೈತ್ರಿ ಬೀಗರ?" ವೀರಪ್ಪ ಎದೆಯುಬ್ಬಿಸಿ ಕೇಳಿದ. "ನಮ್ಮ ಮಂಚ, ಬೆಂಚು ನಿಮಗ ಒಪ್ಪೂದಿಲ್ಲಂತ ನಿಮ್ಮ ಸಲುವಾಗೇ ತರಸೀನ್ರಿ. ಫಾರಿನ್ ಮಾಲು! ನಿಮ್ಮ ಬಂದರಿನಾಗ ಇಳದದ್ದು!"

"ಭಾಳ ಚಲೋ ಐತಿ," ಎಂದ ಶಂಭುಲಿಂಗ. ಕುರ್ಚಿಯ ಒಳಗಿನಿಂದ ಯಾರೋ ಚಕ್ಕುಲಿ ಕಡಿಯುತ್ತಿದ್ದ ಹಾಗೆ ಕರ್... ಕರ್... ಸದ್ದು ಕೇಳಿಸುತ್ತಿತ್ತು. ಅವನು ಗಟ್ಟಿಯಾಗಿ ಕೆಮ್ಮಿದ.

ವೀರಪ್ಪನ ಹೆಂಡತಿ ದೇವಕ್ಕ ಉಪ್ಪಿಟ್ಟಿನ ತಾಟು ತಂದು ಕುರ್ಚಿಯ ಅಗಲವಾದ ತೋಳಿನ ಮೇಲೆಯೇ ಇಟ್ಟಳು. ಶಂಭುಲಿಂಗ ಚಮಚ ಎತ್ತಿದ. ಉಪ್ಪಿಟ್ಟಿನ ತುಂಬ ಒಗ್ಗರಣೆಯ ಸಾಸಿವೆ. ಅದರಲ್ಲಿ ಒಂದು ಸಾಸಿವೆ ಎದ್ದು ನಡೆಯತೊಡಗಿತು.

ಅವನ ಕೈ ನಿಂತಿತು. ಸಾಸಿವೆ ಕರಿಬೇವಿನ ಎಲೆಯೊಂದನ್ನು ಹತ್ತಿ ಇಳಿದು ನಿಂಬೆಹೋಳಿನತ್ತ ಹೊರಟಿತ್ತು. ಕೂಗಿದರೆ ಸಂಬಂಧ ಹೋಯಿತು. ತಿಂದರೆ ಇಪ್ಪತ್ತೆಂಟು ವರ್ಷದ ನೌಕರಿಗೆ ದ್ರೋಹ ಬಗೆದಂತೆ. ಸಾಕ್ಷ್ಯವನ್ನೇ ನುಂಗಿದ ಹಾಗೆ. ಎಲ್ಲರೂ ಅಭಿಜ್ಞಾಳತ್ತ ನೋಡುತ್ತಿದ್ದಾಗ ಅವನು ಹುಳುವಿನ ಸಮೇತ ಒಂದು ಚಮಚ ಉಪ್ಪಿಟ್ಟನ್ನು ಕರವಸ್ತ್ರಕ್ಕೆ ಸುರಿದು, ಮಡಿಸಿ, ಕಿಸೆಗೆ ಇಳಿಸಿದ.

ಎಲ್ಲರೂ ಎಂದರೆ ಶಂಕ್ರಪ್ಪ ಒಬ್ಬನನ್ನು ಬಿಟ್ಟು. ಶಂಕ್ರಪ್ಪ ಪಕ್ಕದ ಮನೆಯ ನಿವೃತ್ತ ಮಾಸ್ತರ. ಕರೆಯದಿದ್ದರೂ ಬಂದು, ಕೂರಿಸುವ ಮೊದಲೇ ಕೂತಿದ್ದ. ಮೂವತ್ತು ವರ್ಷ ಪರೀಕ್ಷೆಯಲ್ಲಿ ಕಾಪಿ ಹಿಡಿದ ಕಣ್ಣು ಅದು.

"ಅವ್ವಾ ದೇವಕ್ಕ," ಎಂದ ಅವನು, ದೊಡ್ಡ ದನಿಯಲ್ಲಿ, "ಬೀಗರಿಗೆ ಉಪ್ಪಿಟ್ಟು ಭಾಳ ಸೇರೈತಿ ನೋಡು. ಕಿಸೆದಾಗ ಕಟ್ಟಿಕೊಳ್ಳಾಕತ್ಯಾರ. ಒಂದು ಡಬ್ಬಿ ತುಂಬಿ ಕೊಡು."

ಜ್ಯೋತಿಯ ಮುಖ ಹಳದಿ, ಅಭಿಜ್ಞಾಳ ಮುಖ ಕೆಂಪು. ಉಪ್ಪಿಟ್ಟಿನ ಕಳ್ಳ ಅನ್ನಿಸಿಕೊಳ್ಳುವುದೋ, ಆಣೆ ಮುರಿಯುವುದೋ ಎಂದು ಶಂಭುಲಿಂಗ ಅರೆಗಳಿಗೆ ತೂಗಿದ. ಆಮೇಲೆ ಎದ್ದು ನಿಂತ. ಅವನಿಗೇ ಗೊತ್ತಿಲ್ಲದಂತೆ ಬಂದರಿನ ದನಿ ಹೊರಬಿತ್ತು.

"ಯಾರೂ ಅಲ್ಲಾಡಬೇಡಿ! ಈ ಕುರ್ಚಿಯೊಳಗೆ ಹುಳ ಇದೆ. ಹೊರದೇಶದ ಮರಕೊರಕ! ಇದು ಹೊರಗೆ ಬಿದ್ದರೆ ಮನೆಯ ತೊಲೆಯಿಂದ ಹಿಡಿದು ಕಾಡಿನ ಸಾಗುವಾನಿಯವರೆಗೆ ಒಂದೂ ಉಳಿಯೋದಿಲ್ಲ."

ಅಲ್ಲಾಡಬೇಡಿ ಎಂದದ್ದೇ ತಪ್ಪಾಯಿತು. ಹತ್ತು ನಿಮಿಷದಲ್ಲಿ ಅರ್ಧ ಎಕ್ಕಂಬಿ ವೀರಪ್ಪನ ಅಂಗಳದಲ್ಲಿತ್ತು. ಸೀಮೆಎಣ್ಣೆ ಸುರಿಯಿರಿ ಎಂದರು ಒಬ್ಬರು. ಬಿಸಿನೀರು ಎಂದರು ಇನ್ನೊಬ್ಬರು. ಬೇವಿನ ಹೊಗೆ ಹಾಕಿರಿ, ಅದಕ್ಕೂ ಜಗ್ಗದಿದ್ದರೆ ಮೆಣಸಿನಕಾಯಿ ಹೊಗೆ ಎಂದಳು ದೇವಕ್ಕನ ಓರಗಿತ್ತಿ. ಶಂಭುಲಿಂಗ ಗೊಬ್ಬರದ ಚೀಲಗಳನ್ನು ಹರಿದು ಕುರ್ಚಿಗೆ ಸುತ್ತಿಸಿದ. ನಾಲ್ವರು ಅದನ್ನು ಎತ್ತಿ ದನದ ಕೊಟ್ಟಿಗೆಗೆ ಒಯ್ದರು.

"ಕೊಟ್ಟಿಗಿ ಗ್ವಾಡಿ ನಂದೂ ಐತಿ!" ಶಂಕ್ರಪ್ಪ ಅಡ್ಡ ನಿಂತ. "ಅಲ್ಲಿ ಇಡಬ್ಯಾಡ್ರಿ!"

ಕೆರೆಯಲ್ಲಿ ಮುಳುಗಿಸೋಣ ಎಂದು ಕೆರೆಯತ್ತ ನಡೆದರು. ಮೀನು ಗುತ್ತಿಗೆ ಹಿಡಿದವನು ಕೋಲು ಹಿಡಿದು ಏರಿಯ ಮೇಲೆ ಕಾಯುತ್ತಿದ್ದ. ಪಂಚಾಯ್ತಿ ಕಚೇರಿಯ ಹಿಂದೆ ಇಡೋಣವೆಂದರೆ ಜವಾನ ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಿದ್ದ, ಹನ್ನೊಂದು ಗಂಟೆಗೇ. ಕುರ್ಚಿ ಊರಿಡೀ ಸುತ್ತಿತು. ಅದು ಬಂದ ಓಣಿಯಲ್ಲೆಲ್ಲ ಕಿಟಕಿಗಳು ಪಟಪಟ ಮುಚ್ಚಿದವು. ಒಬ್ಬ ಅಜ್ಜಿ ಮಾತ್ರ ಯಾರದೋ ಶವವೆಂದು ತಿಳಿದು ಕೈಮುಗಿದಳು. ಕೊನೆಗೆ ಕುರ್ಚಿ ಎಲ್ಲಿಂದ ಹೊರಟಿತ್ತೋ ಅಲ್ಲಿಗೇ, ವೀರಪ್ಪನ ಅಂಗಳದ ನಟ್ಟನಡುವೆ ಬಂದು ಕೂತಿತು.

"ಅಲ್ರೀ ಸಾಹೇಬ್ರ," ಗುಂಪಿನಿಂದ ಒಂದು ದನಿ ಎದ್ದಿತು, "ಇಂಥಾ ಹುಳ ಊರೊಳಗ ಬಿಟ್ಟವರು ಯಾರು?"

ಊರೇ ತನ್ನ ಮಾತು ಕೇಳುತ್ತಿದೆ ಎನ್ನುವ ಸುಖ ಶಂಭುಲಿಂಗನ ತಲೆಗೇರಿತ್ತು. ಮನೆಯಲ್ಲಿ ಆ ಭಾಗ್ಯ ಅವನಿಗೆ ಎಂದೂ ಸಿಕ್ಕಿರಲಿಲ್ಲ. "ಬಂದರಿನಲ್ಲಿ ಇದನ್ನು ಪಾಸು ಮಾಡಿದವನು! ಅವನು ಕುರುಡನಾಗಿರಬೇಕು, ಇಲ್ಲವೇ ಸೋಮಾರಿ. ನಾನು ಸುಮ್ಮನೆ ಬಿಡೋನಲ್ಲ. ಅವನ ಹೆಸರು ಮೇಲಿನವರಿಗೆ ಹೋಗಲೇಬೇಕು."

"ಅದಕ್ಕೇನ್ರೀ, ಸರ್ಟಿಫಿಕೇಟೇ ಐತಿ!" ವೀರಪ್ಪ ಒಳಗೆ ಓಡಿದ.

"ಅಪ್ಪಾ, ಈಗ್ಯಾಕ ಅದು? ಬಿಡಪ್ಪಾ," ಎಂದು ಪವನ್ ಹಿಂದೆಯೇ ಓಡಿದ. ಆದರೆ ಪ್ಲಾಸ್ಟಿಕ್ ಕವರಿನಲ್ಲಿಟ್ಟ ಕಾಗದ ಆಗಲೇ ಶಂಕ್ರಪ್ಪನ ಕೈ ಸೇರಿತ್ತು. ಮಾಸ್ತರ ಕನ್ನಡಕ ಏರಿಸಿ ಇಂಗ್ಲಿಷಿನಲ್ಲಿ ಓದಿ, ಊರಿಗೆಲ್ಲ ಕನ್ನಡದಲ್ಲಿ ಹೇಳಿದ.

"ಮರದ ಕುರ್ಚಿ... ಹುಳ ಇಲ್ಲ, ಮೊಟ್ಟೆ ಇಲ್ಲ... ಮೇಲ್ವಿಚಾರಕರ ಸಹಿ." ಅವನು ತಲೆಯೆತ್ತಿದ. "ಆ ಬಂದರಿನಾಗ ಮೇಲ್ವಿಚಾರಕರು ಎಷ್ಟು ಮಂದಿ ಅದಾರ್ರೀ?"

"ಒಬ್ಬನೇ," ಎಂದ ಶಂಭುಲಿಂಗ. ಎಂದವನೇ ಕಾಗದಕ್ಕೆ ಕೈಚಾಚಿದ.

ಕಾಗದ ಕೈಗೆ ಬಂತು. ಕೊಂಡಿ ಎತ್ತಿದ ಚೇಳಿನಂಥ ಬಾಲ, ನಡುವೆ ಒಂದು ಸುಳಿ, ಕೆಳಗೆ ಎರಡು ಚುಕ್ಕೆ. ಅವನದೇ ಸಹಿ. ಈ ಕುರ್ಚಿ ನೆನಪಿಗೆ ಬರಲಿಲ್ಲ. ಆದರೆ ದಿನಕ್ಕೆ ಇನ್ನೂರು ಸಹಿ ಹಾಕುವವನಿಗೆ ಯಾವುದು ತಾನೇ ನೆನಪಿರುತ್ತದೆ? ಇನ್‌ಸ್ಪೆಕ್ಟರುಗಳು ತಂದಿಡುತ್ತಾರೆ, ಇವನು ಎಳೆಯುತ್ತಾನೆ. ಮೇಲ್ವಿಚಾರಣೆಯೆಂದರೆ ಅದೇ ಆಗಿ ಎಷ್ಟೋ ವರ್ಷವಾಗಿತ್ತು. ಹಡಗು ತಿರುಗಿಸಿದ ಕತೆಯೂ ಹನ್ನೆರಡು ವರ್ಷದ ಹಿಂದಿನದು.

"ಕುರುಡ, ಸೋಮಾರಿ ಅಂದ್ರಲ್ರೀ," ಎಂದು ಶಂಕ್ರಪ್ಪ ಮೆಲ್ಲಗೆ ನೆನಪಿಸಿ, ಕಾಗದದ ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ.

ಶಂಭುಲಿಂಗ ಅಂಥ ಕೆಟ್ಟ ಮನುಷ್ಯನಲ್ಲ. ಸೋಮಾರಿಯಿರಬಹುದು, ಸುಳ್ಳನಲ್ಲ. ಬೇರೆಯವರ ಬಾಯಿಂದ ಸುದ್ದಿ ಮುಟ್ಟುವ ಮೊದಲು ತಾನೇ ಹೇಳುವುದು ಮೇಲೆಂದು, ಸಿಗ್ನಲ್ ಹುಡುಕುತ್ತ ನೀರಿನ ಟಾಕಿಯ ಮೆಟ್ಟಿಲೇರಿ ಮೇಲಧಿಕಾರಿಗೆ ಫೋನ್ ಮಾಡಿದ. ತನ್ನ ಸಹಿಯ ಮೇಲೆ ಹುಳ ದೇಶದೊಳಗೆ ಬಂದಿದೆ, ತಪ್ಪು ತನ್ನದೇ ಎಂದು ಒಪ್ಪಿಕೊಂಡ. ಕಾಗದದ ಫೋಟೋ ಕಳಿಸಿದ. ಆ ಮೇಲಧಿಕಾರಿ, "ನೋಡಿ ಹೇಳ್ತೇನೆ" ಎಂದು ಫೋನ್ ಇಟ್ಟಳು.

ಮೆಟ್ಟಿಲಿಳಿದಾಗ ಮನಸ್ಸು ಹಗುರವಾಗಿತ್ತು. ಕೆಳಗೆ ಪವನ್ ಮತ್ತು ಅಭಿಜ್ಞಾ ಕಾಯುತ್ತಿದ್ದರು. ಹುಡುಗನ ಮುಖ ತೊಳೆದ ಅಕ್ಕಿಯಂತಾಗಿತ್ತು.

"ಮಾವಾರ, ಬಯ್ಯಬ್ಯಾಡ್ರಿ," ಎಂದ ಅವನು. "ಆ ಕುರ್ಚಿ ಫಾರಿನ್ನಿಂದಲ್ರೀ. ಸಿದ್ದಾಪುರದ ಕಡೆ, ನಿಲ್ಕುಂದದ ಮಾದೇವ ಆಚಾರಿ ಕೆಲಸ ಮಾಡ್ತಾನ. ಅವನ ಕಡೆ ಮಾಡಿಸಿದ್ದು. ಹಲಸಿನ ಮರ."

"ಏನು?"

"ನಮ್ಮ ಅಪ್ಪ ಹಟ ಹಿಡದಿದ್ದ. ಬಂದರಿನ ಸಾಹೇಬ್ರು ಕೂಡ್ರಾಕ ಫಾರಿನ್ ಕುರ್ಚಿನೇ ಬೇಕು, ಕಾಗದಪತ್ರ ಸಮೇತ ಅಂತ. ಎಲ್ಲಿಂದ ತರ್ಲಿ? ನೆಟ್ಟಿನಾಗ ಒಂದು ಸರ್ಟಿಫಿಕೇಟ್ ನೋಡಿ ಹಂಗೇ ಟೈಪ್ ಮಾಡಿಸಿದೆ. ಸಹಿ..." ಪವನ್ ನೆಲ ನೋಡಿದ. "ಅಭಿಜ್ಞಾಳ ಬಯೋಡೇಟಾ ಜೋಡಿ ನೀವು ಪತ್ರ ಬರದಿದ್ರಲ್ರೀ, ಅದರ ಕೆಳಗಿಂದು. ಎರಡು ರಾತ್ರಿ ಕುಂತು ಕಲ್ತೆ."

ಶಂಭುಲಿಂಗ ಪಕ್ಕದ ಕಟ್ಟೆಯ ಮೇಲೆ ಕುಸಿದ. ಕಿಸೆಯಲ್ಲಿದ್ದದ್ದು ಊರಿನದೇ ಹುಳ! ನಿಲ್ಕುಂದದ ಮಣ್ಣಿನ ಮಗ! ಅವನಿಗೆ ನಗು ಬಂತು. ಮರುಕ್ಷಣ ಇನ್ನೊಂದು ನೆನಪಾಗಿ ನಗು ಅರ್ಧಕ್ಕೇ ನಿಂತಿತು. ಖೊಟ್ಟಿ ಸಹಿಯನ್ನು ತನ್ನದೆಂದು ಈಗಷ್ಟೇ ಒಪ್ಪಿಕೊಂಡು ಬಂದಿದ್ದ.

"ನಗಬೇಕೋ ಅಳಬೇಕೋ ತಿಳೀವಲ್ದು," ಎಂದ. "ಇಂಥವನ್ನ ಮದುವೆ ಆಗ್ತೀಯೇನೇ?"

"ಹೂಂ, ಅಪ್ಪ," ಎಂದಳು ಅಭಿಜ್ಞಾ. "ಯಲ್ಲಾಪುರದವರು ಒಂದು ಗೋಡಂಬಿಗೇ ಸಂಬಂಧ ಬ್ಯಾಡ ಅಂದ್ರು. ಇವ್ರು ಇಷ್ಟೆಲ್ಲ ಆದ್ರೂ ಓಡಿಹೋಗಿಲ್ಲ. ತಾವೇ ಬಂದು ಹೇಳಿದ್ರು."

ಅಷ್ಟರಲ್ಲಿ ಫೋನ್ ರಿಂಗಾಯಿತು. ಮೇಲಧಿಕಾರಿ. ದನಿ ತುಂಡುತುಂಡಾಗಿ ಕೇಳಿತು, ಅವನು ಮತ್ತೆ ಟಾಕಿ ಹತ್ತಿದ. ನಿಜ ಹೇಳಿಬಿಡುವುದೆಂದು ಪ್ರತಿ ಮೆಟ್ಟಿಲಿಗೂ ನಿರ್ಧರಿಸುತ್ತ ಹತ್ತಿದ.

"ಶಂಭುಲಿಂಗ ಅವರೇ, ನನ್ನ ನೌಕರಿಯಲ್ಲೇ ತಾನಾಗಿ ತಪ್ಪು ಒಪ್ಪಿಕೊಂಡ ಮೊದಲ ಅಧಿಕಾರಿ ನೀವು. ಅದಕ್ಕೇ ಅಮಾನತು ಮಾಡ್ತಿಲ್ಲ," ಎಂದಳು ಆಕೆ. "ಆದರೆ ವಿಷಯ ನೀವಂದುಕೊಂಡಿದ್ದಕ್ಕಿಂತ ಗಂಭೀರವಾಗಿದೆ. ಆ ನಂಬರು ನಮ್ಮ ಕಂಪ್ಯೂಟರಿನಲ್ಲೇ ಇಲ್ಲ. ಅಂದರೆ ಮಾಲು ದಾಖಲೆಯಿಲ್ಲದೆ ಹೊರಬಿದ್ದಿದೆ. ಕಾಗದದಲ್ಲಿ ಕುರ್ಚಿ ನಲವತ್ತು ಅಂತಿದೆ, ನೋಡಿದ್ರಾ?"

ಶಂಭುಲಿಂಗ ಟಾಕಿಯ ಮೇಲಿಂದ ಪವನ್‌ನನ್ನು ನೋಡಿದ. ಫೋನಿಗೆ ಕೈ ಅಡ್ಡ ಹಿಡಿದು, "ನಲವತ್ತು ಯಾಕೋ?" ಎಂದು ಪಿಸುಗುಟ್ಟುವಂತೆ ಕೂಗಿದ.

"ಒಂದ ಕುರ್ಚಿಗೆ ಯಾರ್ರೀ ಹಡಗು ತರ್ತಾರ?" ಕೆಳಗಿನಿಂದ ಪವನ್ ಕೂಗಿದ. "ಖರೇ ಕಾಣ್ಲಿ ಅಂತ ಹಾಕಿದೆ!"

"ಕೇಳ್ತಿದ್ದೀರಾ?" ಎಂದಳು ಮೇಲಧಿಕಾರಿ. "ಉಳಿದ ಮೂವತ್ತೊಂಬತ್ತು ಕುರ್ಚಿ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲೇ ಎಲ್ಲೋ ಮಾರಾಟವಾಗಿರಬೇಕು. ಮನೆಮನೆ ತಿರುಗಿ ಹುಡುಕಿ, ಒಂದೊಂದರಿಂದಲೂ ಹುಳದ ಸ್ಯಾಂಪಲ್ ತನ್ನಿ. ಎಲ್ಲ ಸಿಗುವವರೆಗೂ ಬಂದರಿಗೆ ಬರಬೇಡಿ. ಇಲ್ಲ, ಬೇರೆ ಏನಾದರೂ ಹೇಳುವುದಿದೆಯಾ?"

ಹೇಳುವುದಿತ್ತು. ಶಂಭುಲಿಂಗ ಬಾಯಿ ತೆರೆದ. ಎತ್ತರದಿಂದ ವೀರಪ್ಪನ ಅಂಗಳ ಚೆನ್ನಾಗಿ ಕಾಣುತ್ತಿತ್ತು. ಸಂಬಂಧ ಕುದುರಿತೆಂದು ದೇವಕ್ಕ ಜ್ಯೋತಿಯ ಬಾಯಿಗೆ ಸಕ್ಕರೆ ಹಾಕುತ್ತಿದ್ದಳು. ಯಲ್ಲಾಪುರದ ಗೋಡಂಬಿಯ ನಂತರ ಜ್ಯೋತಿ ಮೊದಲ ಸಲ ನಗುತ್ತಿದ್ದಳು. ಶಂಕ್ರಪ್ಪ ಪಂಚಾಂಗ ಬಿಡಿಸಿ, ಯಾರೂ ಕೇಳದಿದ್ದರೂ ಮುಹೂರ್ತ ಹುಡುಕುತ್ತಿದ್ದ. ನಿಜ ಹೇಳಿದರೆ ಅಳಿಯನ ನಿಶ್ಚಿತಾರ್ಥ ಪೊಲೀಸ್ ಠಾಣೆಯಲ್ಲೇ.

"ಏನೂ ಇಲ್ಲ ಮೇಡಂ," ಎಂದ ಶಂಭುಲಿಂಗ. "ಹುಡುಕ್ತೇನೆ."

ಕೆಳಗಿಳಿದು ಬಂದು ಅಳಿಯನೆದುರು ಕೈಚಾಚಿದ. "ಆ ಮಾದೇವನ ನಂಬರ್ ಕೊಡು."

ನಿಲ್ಕುಂದದಲ್ಲಿ ಫೋನ್ ಎತ್ತಿದವನಿಗೆ ವಿಷಯ ಅರ್ಧ ಹೇಳುವಷ್ಟರಲ್ಲೇ ಅರ್ಥವಾಯಿತು. "ಅಯ್ಯೋ, ಹುಳ ಬಿತ್ತಾ ರಾಯರೇ? ಆ ಮರ ಚೂರು ಹಸಿ ಇತ್ತು, ತಪ್ಪಾಯ್ತು ಮಾರಾಯ್ರೇ. ಬೇರೆ ಮಾಡ್ಕೊಡ್ತೆ. ಒಳ್ಳೆ ಒಣಗಿದ ಮರ. ಹುಡುಕಿದ್ರೂ ಒಂದು ಹುಳ ಸಿಕ್ಕೂದಿಲ್ಲ."

"ಹಾಗೆ ಮಾತ್ರ ಮಾಡಬೇಡಪ್ಪಾ!" ಶಂಭುಲಿಂಗ ಗಾಬರಿಯಿಂದ ಅಂದ. ಸುತ್ತ ನೋಡಿ ದನಿ ತಗ್ಗಿಸಿದ. "ಮೂವತ್ತೊಂಬತ್ತು ಕುರ್ಚಿ ಬೇಕು. ಅದೇ ಹಸಿ ಮರದ್ದು. ಎಲ್ಲದರಲ್ಲೂ ಹುಳ ಇರಬೇಕು."

ಫೋನ್ ಮುಚ್ಚಿಕೊಂಡು ಮಾದೇವ ಯಾರಿಗೋ, "ಏ ದ್ಯಾವಮ್ಮಾ, ಯಾರೋ ಹಗಲೊತ್ತಲ್ಲೇ ಕುಡ್ದು ಮಾತಾಡ್ತ್ರು" ಎಂದದ್ದು ಕೇಳಿಸಿತು. ಆಮೇಲೆ ಅವನು ಬಹಳ ನಾಜೂಕಾಗಿ ಹೇಳಿದ:

"ಕುರ್ಚಿ ಮಾಡ್ಕೊಡ್ತೆ ರಾಯರೇ. ಹುಳಕ್ಕೆ ಮಾತ್ರ ಗ್ಯಾರಂಟಿ ಕೇಳ್ಬೇಡಿ."